ಕೃತಕ ಕೀಲಿನ ಸೋಂಕು: ಮಾತ್ರೆಗೆ ಮೊದಲು ಪರೀಕ್ಷೆಯಾಗಲಿ

ಮಾನ್ಯ ಸಂಪಾದಕರೇ,

ಮಂಡಿ ಮತ್ತು ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಈಗ ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ನಡೆಯುತ್ತಿದೆ. 2017ರಲ್ಲಿ ಮಂಡಿಯ ಕೃತಕ ಕೀಲಿಗೆ ಗರಿಷ್ಠ ಬೆಲೆ ನಿಗದಿಯಾದಾಗ ವೆಚ್ಚದ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಆದರೆ ಮೊದಲ ಬಾರಿ ಕೀಲು ಬದಲಿಸಿಕೊಂಡ ನೂರು ಜನರಲ್ಲಿ ಸುಮಾರು ಒಬ್ಬರಿಗೋ ಇಬ್ಬರಿಗೋ ತಗಲುವ ಸೋಂಕಿನ ಬಗ್ಗೆ ರೋಗಿಗಳಿಗೆ ತಿಳಿದಿರುವುದು ಅತ್ಯಲ್ಪ.

ಈ ಸೋಂಕಿಗೆ ಕಾರಣವಾಗುವ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಜ್ವರ, ಊತ, ಕೀವಿನೊಂದಿಗೆ ಬೇಗನೆ ಪತ್ತೆಯಾಗುತ್ತದೆ. ಅದರ ಬಳಗದ್ದೇ ಆದ ಎಪಿಡರ್ಮಿಡಿಸ್ ನಮ್ಮೆಲ್ಲರ ಚರ್ಮದ ಮೇಲೆ ನಿರುಪದ್ರವಿಯಾಗಿ ಇರುವಂಥದ್ದು. ಆದರೆ ಅದು ಕೃತಕ ಕೀಲಿನ ಲೋಹ ಮತ್ತು ಪ್ಲಾಸ್ಟಿಕ್‌ನ ಮೇಲ್ಮೈಗೆ ಅಂಟಿಕೊಂಡರೆ ತನ್ನ ಸುತ್ತ ಬಯೋಫಿಲ್ಮ್ ಎಂಬ ಲೋಳೆಪದರ ಕಟ್ಟಿಕೊಂಡು, ಆ್ಯಂಟಿಬಯೋಟಿಕ್‌ಗಳಿಗೂ ದೇಹದ ರಕ್ಷಣಾ ಕಣಗಳಿಗೂ ಸುಲಭವಾಗಿ ಬಗ್ಗದೆ ತಿಂಗಳುಗಟ್ಟಲೆ ಉಳಿದುಬಿಡುತ್ತದೆ. ಆಗ ಜ್ವರವೇ ಇರದೆ ಬರಿಯ ನೋವು, ತುಸು ಊತ, ಕೀಲು ಸಡಿಲವಾದಂಥ ಅನುಭವ ಮಾತ್ರ ಇರಬಹುದು.

ನನ್ನ ಕಳಕಳಿ ಇರುವುದು ಈ ಹಂತದ ಬಗ್ಗೆಯೇ. ನೋವೆಂದು ಮೆಡಿಕಲ್ ಶಾಪ್‌ನಿಂದ ಆ್ಯಂಟಿಬಯೋಟಿಕ್ ತಂದು ನುಂಗಿದರೆ ಸೋಂಕು ವಾಸಿಯಾಗುವುದಿಲ್ಲ. ಬದಲಿಗೆ, ಕೀಲಿನ ದ್ರವದ ಕಲ್ಚರ್ ಪರೀಕ್ಷೆಯಲ್ಲಿ (ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆ) ರೋಗಾಣು ಬೆಳೆಯದಂತಾಗಿ, ಯಾವ ಔಷಧ ಕೊಡಬೇಕೆಂಬುದೇ ವೈದ್ಯರಿಗೆ ತಿಳಿಯದೆ ಹೋಗುತ್ತದೆ. ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ, ವೈದ್ಯರು ಆ್ಯಂಟಿಬಯೋಟಿಕ್ ನಿಲ್ಲಿಸಿ ಕನಿಷ್ಠ ಎರಡು ವಾರ ಕಳೆದ ಮೇಲೆ ಮಾದರಿ ತೆಗೆಯಲು ಬಯಸುವುದು ಇದೇ ಕಾರಣಕ್ಕೆ. (ಚಳಿಜ್ವರವಿದ್ದರೆ ಮಾತ್ರ ಕಾಯುವಂತಿಲ್ಲ, ತಕ್ಷಣವೇ ಆಸ್ಪತ್ರೆಗೆ ಹೋಗಬೇಕು.) ಒಸರುವ ಗಾಯದ ಮೇಲಿಂದ ಹತ್ತಿಯಲ್ಲಿ ಒರೆಸಿ ತೆಗೆದ ಮಾದರಿಯನ್ನು ನಂಬುವುದೂ ಸಲ್ಲದು, ಏಕೆಂದರೆ ಅದರಲ್ಲಿ ಬೆಳೆಯುವುದು ಚರ್ಮದ ಮೇಲಿನ ಜೀವಿಗಳೇ ಆಗಿರಬಹುದು.

ತಡವಾದರೆ ತೆರಬೇಕಾದ ಬೆಲೆ ದೊಡ್ಡದು. ಸೋಂಕು ಹೊಸದಾಗಿದ್ದು ಕೀಲು ಗಟ್ಟಿಯಾಗಿ ಕೂತಿದ್ದರೆ, ಒಳಭಾಗವನ್ನು ತೊಳೆದು, ಪ್ಲಾಸ್ಟಿಕ್ ಭಾಗವನ್ನಷ್ಟೇ ಬದಲಿಸಿ ಕೀಲನ್ನು ಉಳಿಸಿಕೊಳ್ಳುವ ಅವಕಾಶವಿರುತ್ತದೆ. ಹಳೆಯದಾದರೆ ಕೀಲನ್ನೇ ತೆಗೆಯಬೇಕಾಗುತ್ತದೆ; ಹಲವರಿಗೆ ಆ ಜಾಗದಲ್ಲಿ ಆ್ಯಂಟಿಬಯೋಟಿಕ್ ಬೆರೆಸಿದ, ಮೂಳೆಗೆ ಬಳಸುವ ಸಿಮೆಂಟಿನ ತಾತ್ಕಾಲಿಕ ತುಂಡನ್ನಿಟ್ಟು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹೊಸ ಕೀಲು ಜೋಡಿಸುತ್ತಾರೆ. ಎಪ್ಪತ್ತು ದಾಟಿದವರಿಗೆ, ಅದರಲ್ಲೂ ಮಧುಮೇಹವಿದ್ದರೆ, ಇದು ಸಾಮಾನ್ಯ ಸಂಕಟವಲ್ಲ.

ಆದ್ದರಿಂದ ಆರೋಗ್ಯ ಇಲಾಖೆಯಲ್ಲಿ ಎರಡು ವಿನಂತಿ. ಕೀಲು ಬದಲಿಸಿಕೊಂಡವರನ್ನು ಮನೆಗೆ ಕಳುಹಿಸುವಾಗ ಕೊಡುವ ಡಿಸ್ಚಾರ್ಜ್ ಚೀಟಿಯಲ್ಲಿ, ಗಾಯ ಒಸರಿದರೆ ಅಥವಾ ನೋವು ಮರುಕಳಿಸಿದರೆ ಮಾತ್ರೆ ನುಂಗದೆ ಶಸ್ತ್ರಚಿಕಿತ್ಸಕರ ಬಳಿಗೇ ಬರಬೇಕೆಂದು ಕನ್ನಡದಲ್ಲಿ ಮುದ್ರಿಸುವುದನ್ನು ಕಡ್ಡಾಯಗೊಳಿಸಲಿ. ಭುಜದ ಕೃತಕ ಕೀಲನ್ನು ಹೆಚ್ಚಾಗಿ ಕಾಡುವ ಕ್ಯೂಟಿಬ್ಯಾಕ್ಟೀರಿಯಂ ಆ್ಯಕ್ನೆಸ್‌ನಂಥ ಜೀವಿ ಬಹಳ ನಿಧಾನವಾಗಿ ಬೆಳೆಯುವುದರಿಂದ, ಪ್ರಯೋಗಾಲಯಗಳು ಕೃತಕ ಕೀಲಿನ ಮಾದರಿಗಳನ್ನು ಐದೇ ದಿನಕ್ಕೆ ನೆಗೆಟಿವ್ ಎಂದು ವಿಲೇವಾರಿ ಮಾಡದೆ 14 ದಿನಗಳವರೆಗೆ ಇಟ್ಟು ನೋಡುವಂತೆ ಸೂಚಿಸಲಿ.

— ಸೂಕ್ಷ್ಮಜೀವಿಶಾಸ್ತ್ರದ ನಿವೃತ್ತ ಅಧ್ಯಾಪಕಿ, ದಾವಣಗೆರೆ