ಕೊಡಲ್ಲ ಅಂದವರ ಕಾರು

ಮಾನ್ಯ ಸಂಪಾದಕರೇ,

ಹಳೆ ಕಾರು ಕೊಳ್ಳುವವರಿಗೆ ಭಾನುವಾರದ ಪುರವಣಿಯಲ್ಲಿ ಕೊಟ್ಟಿದ್ದ ಸಲಹೆಗಳನ್ನು ಓದಿದೆ. ತುಕ್ಕು ನೋಡಿ, ಚಾಸಿ ನಂಬರು ತಾಳೆ ಹಾಕಿ ಅಂದಿದ್ದೆಲ್ಲ ಸರಿ. ಆದರೆ ‘ಮಾಲೀಕರು ಹಿಂದೇಟು ಹಾಕಿದರೆ ಸ್ವಲ್ಪ ಜಾಸ್ತಿ ಹಣ ತೋರಿಸಿ’ ಅನ್ನುವ ಸಾಲು ಗಂಟಲಲ್ಲಿ ಸಿಕ್ಕಿಕೊಂಡಿತು. ಹಾಗೆ ಮಾಡಿಯೇ ನಾನು ಎರಡು ವರ್ಷ ಕಳೆದುಕೊಂಡಿದ್ದು.

ನನ್ನ ಕಣ್ಣು ಬಿದ್ದಿದ್ದು 1959ರ ಮೋರಿಸ್ ಮೈನರ್ 1000 ಅನ್ನುವ ಒಂದು ಬ್ರಿಟಿಷ್ ಕಾರಿನ ಮೇಲೆ. 948 ಸಿಸಿ ಎಂಜಿನ್. ತಿರುಗುವಾಗ ಬಾಗಿಲ ಪಕ್ಕದ ಕಂಬದಿಂದ ಪುಟ್ಟ ಕೈಯಂತೆ ಹೊರಗೆ ಚಾಚುವ ಟ್ರಾಫಿಕೇಟರ್. ಬಣ್ಣ ಕಾರ್ಖಾನೆಯದ್ದೇ, ಒರೆಸಿ ಒರೆಸಿ ಅಲ್ಲಲ್ಲಿ ಪ್ರೈಮರ್ ಇಣುಕುತ್ತಿತ್ತು. ಯಜಮಾನರು ಟಾರ್ಪಾಲು ಸರಿಸಿ ತೋರಿಸಿದರು. ನಾನು ಹುಮ್ಮಸ್ಸಿನಲ್ಲಿ, ‘ಪೂರ್ತಿ ಬಿಚ್ಚಿ, ಟಿಂಕರಿಂಗ್ ಮಾಡಿಸಿ, ಹೊಸ ಪೇಂಟ್ ಹೊಡೆಸಿ ಫಳಫಳ ಮಾಡ್ತೀನಿ ಸಾರ್’ ಅಂದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಮಾತೇ ಆಡದೆ ಟಾರ್ಪಾಲು ಎಳೆದು ಮುಚ್ಚಿದರು. ಹಣ ಏರಿಸಿದೆ. ಮತ್ತೆ ಏರಿಸಿದೆ. ಮೂರನೇ ಸಲ ಫೋನೇ ಎತ್ತಲಿಲ್ಲ.

ಎರಡು ವರ್ಷ ಬಿಟ್ಟು ಹೋದಾಗ ಕೊಡ್ತೀರಾ ಅಂತ ಕೇಳಲೇ ಇಲ್ಲ. ‘ಇದನ್ನ ಸ್ಟಾರ್ಟ್ ಮಾಡೋದು ಹೇಗೆ ಸಾರ್?’ ಅಂದೆ ಅಷ್ಟೆ. ಅವರು ಒಳಗೆ ಹತ್ತಿ ಕೂತರು. ಬ್ಯಾಟರಿಯೇ ಇಲ್ಲದ ಕಾರು. ಕೀ ತಿರುಗಿಸಿ, ಪೆಟ್ರೋಲ್ ಪಂಪಿನ ಸದ್ದನ್ನು ತಾವೇ ಬಾಯಲ್ಲಿ ಟಿಕ್ ಟಿಕ್ ಟಿಕ್ ಅಂತ ಮಾಡಿದರು. ಆ ಟಿಕ್ ನಿಲ್ಲುವ ತನಕ ಕಾಯಬೇಕಂತೆ. ಆಮೇಲೆ ಚೋಕ್, ಆಮೇಲೆ ಸ್ಟಾರ್ಟರ್ ಗುಂಡಿ. ಒತ್ತುವುದಲ್ಲ, ಎಳೆಯುವುದು. ಕೆಳಗಿಳಿದು ಬಾನೆಟ್ ನಡುವಿನ ಉದ್ದ ಪಟ್ಟಿಯ ಮೇಲೆ ಬೆರಳಾಡಿಸಿದರು. ಕಾರು ಕಿರಿದಾಯಿತು ಅನ್ನಿಸಿ, ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಮಾದರಿ ಕಾರನ್ನು ಉದ್ದಕ್ಕೂ ಸೀಳಿಸಿ 4 ಇಂಚು ಅಗಲ ಮಾಡಿಸಿದ್ದನಂತೆ. ಆ ಪಟ್ಟಿ ಅದರದ್ದೇ ಗುರುತು. ಹಿಂದಿನ ಎಡ ಮಡ್‌ಗಾರ್ಡಿನಲ್ಲಿ ಅಂಗೈಯಗಲ ತಗ್ಗಿತ್ತು. ಅವರ ಹೆಂಡತಿ ಡ್ರೈವಿಂಗ್ ಕಲಿಯುವಾಗ ಗೇಟಿಗೆ ತಗುಲಿಸಿದ್ದು. ಹೆಂಡತಿ ಈಗಿಲ್ಲ. ನಾನು ಮೊದಲ ದಿನ ಫಳಫಳ ಮಾಡಲು ಹೊರಟಿದ್ದು ಅದನ್ನೂ ಸೇರಿಸಿ, ಅಲ್ವಾ?

ಇದು ಬರೀ ಭಾವನೆಯ ಮಾತೂ ಅಲ್ಲ. ಕಾರ್ಖಾನೆಯ ಬಣ್ಣವನ್ನು ಒಮ್ಮೆ ಕೆರೆದರೆ ಮುಗಿಯಿತು, ಮತ್ತೆ ತರಲಾಗದು. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಒಪ್ಪಿರುವ ಟ್ಯೂರಿನ್ ಸನ್ನದು ಕೂಡ ಮೊದಲು ಇರುವುದನ್ನು ಉಳಿಸಿ, ತೀರಾ ಬೇಕಾದಷ್ಟೇ ಬದಲಾಯಿಸಿ ಅನ್ನುತ್ತದೆ. ಹಾಗಂತ ಸುಮ್ನೆ ಮರುಳಾಗಿ ಕೊಳ್ಳಲೂ ಬಾರದು. ನಾನು ಟಾರ್ಚ್ ಹಿಡಿದು ಕಾರಿನ ಕೆಳಗೆ ಮಲಗಿ, ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಜಾಗವನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿದೆ. ಮೈನರ್ ಕಾರು ತುಕ್ಕು ಹಿಡಿದು ಕೊಳೆಯುವುದು ಹೆಚ್ಚಾಗಿ ಅಲ್ಲೇ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ‘ಬಲಗಡೆ ಇನ್ನೂ ಗಟ್ಟಿಯಾಗಿ ಕುಟ್ಟಿ’ ಅಂದರು!

ಮತ್ತೆ ನಾಲ್ಕು ಸಲ ಹೋಗಿದ್ದೆ. ಐದನೇ ಸಲ ಅವರೇ ಕಾಗದಪತ್ರ ಎತ್ತಿಟ್ಟಿದ್ದರು. ಕೇಳಿದ್ದು ನಾನು ಮೊದಲು ಹೇಳಿದ್ದಕ್ಕಿಂತ ಕಡಿಮೆ. ತಗ್ಗನ್ನು ಹಾಗೇ ಬಿಡಬೇಕು ಅನ್ನುವುದೊಂದೇ ಷರತ್ತು.

ಮನೆಗೆ ತಂದ ಮೇಲೆ ಆತುರ ಮಾಡಲಿಲ್ಲ. ಗೋಂದಿನಂತಾಗಿದ್ದ ಹಳೆ ಪೆಟ್ರೋಲ್ ಖಾಲಿ ಮಾಡಿ, ಪ್ಲಗ್ ಬಿಚ್ಚಿದ ತೂತುಗಳಿಗೆ ಆಯಿಲ್ ಬಿಟ್ಟು ಎರಡು ದಿನ ನೆನೆಯಲು ಬಿಟ್ಟೆ. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸಿದೆ. ಬ್ರೇಕಿನ ರಬ್ಬರುಗಳನ್ನೆಲ್ಲ ಬದಲಾಯಿಸಿದೆ. ಅಲ್ಲಿ ಮಾತ್ರ ಹಳೆಯದರ ಮೋಹ ಬೇಡ. ಬ್ಯಾಟರಿ ಕೂರಿಸುವ ದಿನ ಬೆಳಿಗ್ಗೆಯೇ ಅವರ ಫೋನು: ‘ವೈರು ಉಲ್ಟಾ ಇದೆ ಅಂತ ಬದಲಾಯಿಸಿಬಿಟ್ಟೀರಿ! ಈ ಗಾಡಿಯಲ್ಲಿ ಕಾರಿನ ಲೋಹದ ಮೈಗೆ ಸೇರೋದು ಬ್ಯಾಟರಿಯ ಪ್ಲಸ್ಸು, ಮೈನಸ್ಸಲ್ಲ.’ ಸ್ಪ್ಯಾನರ್ ಕೈಯಲ್ಲೇ ಇತ್ತು.

ಮೊನ್ನೆ ಎಡ ಟ್ರಾಫಿಕೇಟರ್ ಮೇಲೇಳಲಿಲ್ಲ. ಫೋನ್ ಮಾಡಿದೆ. ‘ಒಳಗಿನಿಂದ ಕಂಬಕ್ಕೆ ಮೆಲ್ಲಗೆ ಒಂದು ಗುದ್ದು ಕೊಡಿ’ ಅಂದರು. ಕೊಟ್ಟೆ. ಎದ್ದಿತು.

ಇತಿ,
ನಿಮ್ಮ ಹಳೆಯ ಓದುಗ