ಈಜು ಬಾರದ ನಮ್ಮ ನೇವಿ ಡಾಕ್ಟರಿಗೆ

ಲೋ ಮಂಜ,

ನಿನಗೆ ವಾಟ್ಸಾಪ್ ಮಾಡಿದರೆ ಒಂದೇ ಟಿಕ್. ಎಲ್ಲಿದ್ದೀಯ ಅಂತ ಕೇಳುವ ಹಾಗಿಲ್ಲ, ನೀನು ಹೇಳುವ ಹಾಗೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಬ್ಯಾಚಿನವರೂ ಓದಲಿ.

ಮೊನ್ನೆ ಬ್ರಿಸ್ಬೇನಿನಿಂದ ಪಾಯಿಂಟ್ ಡೇಂಜರ್‌ಗೆ ಹೋಗಿದ್ದೆವು. ಹೆಸರಿಗೆ ನಗಬೇಡ, ನಿಜವಾದ ಜಾಗ. ಅಲ್ಲಿ ಸೆಂಟಾರ್ ಹಡಗಿನ ಸ್ಮಾರಕವಿದೆ. ಆಸ್ಟ್ರೇಲಿಯದ ಆಸ್ಪತ್ರೆ ಹಡಗು ಅದು. ಬಿಳಿ ಬಣ್ಣ, ಹಸಿರು ಪಟ್ಟಿ, ದೊಡ್ಡ ದೊಡ್ಡ ರೆಡ್ ಕ್ರಾಸ್, ರಾತ್ರಿಯೆಲ್ಲ ಮೈತುಂಬ ದೀಪ. ದೂರದಿಂದಲೇ ಗುರುತು ಸಿಗಲಿ, ಯಾರೂ ಹೊಡೆಯದಿರಲಿ ಅಂತ. 1943ರ ಮೇ 14ರ ನಸುಕಿನಲ್ಲಿ ಜಪಾನಿನ ಸಬ್‌ಮರೀನ್ ಟಾರ್ಪೆಡೊ ಬಿಟ್ಟಿತು. ಮೂರೇ ನಿಮಿಷದಲ್ಲಿ ಹಡಗು ಮುಳುಗಿತು. 332 ಜನರಲ್ಲಿ 268 ಜನ ಹೋದರು. ಉಳಿದ 64 ಮಂದಿ ಸಿಕ್ಕಿದ್ದನ್ನು ಹಿಡಿದು ಮರುದಿನ ಮಧ್ಯಾಹ್ನದವರೆಗೆ ತೇಲಿದರು.

12 ನರ್ಸುಗಳಲ್ಲಿ ಬದುಕಿದ್ದು ಎಲೆನ್ ಸ್ಯಾವೇಜ್ ಒಬ್ಬರೇ. ಪಕ್ಕೆಲುಬು ಮುರಿದಿದ್ದರೂ ಯಾರಿಗೂ ಹೇಳದೆ ಉಳಿದವರನ್ನು ನೋಡಿಕೊಂಡರು. ನರ್ಸುಗಳ ಸೇಡು ತೀರಿಸಿ ಅಂತ ಸರ್ಕಾರ ಪೋಸ್ಟರ್ ಕೂಡ ಹಾಕಿತು. ಸರಿಯೇ. ಆದರೆ ಅತಿ ಹೆಚ್ಚು ಸತ್ತವರು ಸೇನೆಯ ಫೀಲ್ಡ್ ಆಂಬುಲೆನ್ಸ್ ಹುಡುಗರು ಕಣೋ. ಸ್ಟ್ರೆಚರ್ ಹೊರುವವರು, ಬ್ಯಾಂಡೇಜ್ ಕಟ್ಟುವವರು. ಅಂದರೆ ನಿನ್ನ ಜಾತಿಯವರು. ನ್ಯೂಗಿನಿಗೆ ಹೊರಟಿದ್ದರು. ಪೋಸ್ಟರಿನಲ್ಲಿ ಅವರಿಗೆ ಜಾಗ ಇರಲಿಲ್ಲ. ಹಡಗಂತೂ 2009ರ ಡಿಸೆಂಬರಿನವರೆಗೆ ಸಿಕ್ಕಲೇ ಇಲ್ಲ. ಎರಡು ಕಿಲೋಮೀಟರ್ ಆಳದಲ್ಲಿತ್ತು. ಅಷ್ಟು ವರ್ಷದ ಮೇಲೂ ರೆಡ್ ಕ್ರಾಸ್ ಕಾಣುತ್ತಿತ್ತಂತೆ.

ಮನೆಗೆ ಬಂದ ಮೇಲೆ ಸತ್ತವರ ಪಟ್ಟಿ ಓದುತ್ತಾ ಕೂತೆ. ಯಾಕೆ ಅಂತ ಗೊತ್ತಿಲ್ಲ. ನಿಮ್ಮಮ್ಮ ಪ್ರತಿ ಸಲ ಫೋನಿನಲ್ಲಿ ಒಂದೇ ಮಾತು ಕೇಳುತ್ತಾರೆ. ನಾನೂ ಒಂದೇ ಮಾತು ಹೇಳುತ್ತೇನೆ: ‘ಅವನದು ಗನ್ ಹಿಡಿಯುವ ಕೆಲಸ ಅಲ್ಲ ಅಮ್ಮಾ, ಮೆಡಿಕಲ್ಲು, ಸೇಫು.’ ಈ ಭಾನುವಾರ ಆ ಮಾತು ಬಾಯಿಗೆ ಬರಲಿಲ್ಲ. ನೆಟ್‌ವರ್ಕ್ ಇಲ್ಲ ಅಂತ ಫೋನ್ ಇಟ್ಟುಬಿಟ್ಟೆ. ಒಂದೇ ಟಿಕ್ ಇದ್ದ ರಾತ್ರಿ ನಿದ್ದೆ ಬರಲ್ಲ ಅಂತ ಹೆಂಡತಿಗೂ ಹೇಳಿಲ್ಲ. ನೋಡು, ಈಗ ಊರಿಗೆಲ್ಲ ಹೇಳಿಬಿಟ್ಟೆ.

ಸಾಕು, ಜಾಸ್ತಿಯಾಯಿತು. ಈಜು ಪರೀಕ್ಷೆ ಪಾಸಾದೆ ಅನ್ನುತ್ತೀಯ, ನಾನಂತೂ ನಂಬಲ್ಲ. ಕಾಲುವೆಯಲ್ಲಿ ಮೊಣಕಾಲುದ್ದ ನೀರಿಗೆ ‘ಗಂಗಮ್ಮಾ’ ಅಂತ ಕಿರುಚಿದವನು ನೀನು. ಸೈಕಲ್ ದುಡ್ಡು ಇನ್ನೂ ಬಾಕಿ ಇದೆ. ಕೆಳಗೆ ಯಾರಾದರೂ ‘ಗ್ಲೂಕೋಸ್ ಶಾಸ್ತ್ರಿ’ ಅಂತ ಕಾಮೆಂಟ್ ಹಾಕಿದರೆ ಡಿಲೀಟ್ ಮಾಡುತ್ತೇನೆ, ಪ್ರಮಾಣ.

ನಿನ್ನ,
ರವಿ