ಗಾಡಿ ನಿಲ್ಲಿಸಿದ ತಮ್ಮನಿಗೆ ವಂದನೆ

ಕಳೆದ ಭಾನುವಾರ ಅಮ್ಮ ಊರುಗೋಲಿಲ್ಲದೆ ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯಕ್ಕೆ ನಡೆದು ಬಂದು ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಮಾಸ್‌ನಲ್ಲಿ, ಕೂತರು. ತೊಡೆ ಮೂಳೆ ಮುರಿದು ಮಲಗಿದ್ದವರು ಮತ್ತೆ ಕಾಲೂರುತ್ತಾರೋ ಇಲ್ಲವೋ ಎಂಬ ಹೆದರಿಕೆ ನಮಗಿತ್ತು. ಆನೆಚೌಕೂರಿನ ಕಾಡು ದಾಟಿಸಿ ಮೈಸೂರು ಮುಟ್ಟಿಸಿದ ಆಂಬುಲೆನ್ಸ್ ಚಾಲಕರಿಗೆ, ರಕ್ತ ಕೊಟ್ಟವರಿಗೆ, ನಾವು ಆಸ್ಪತ್ರೆಯಲ್ಲಿದ್ದಾಗ ನಮ್ಮ ಕಾಫಿ ಕುಯ್ದು ಕಣದಲ್ಲಿ ಒಣಗಿಸಿಕೊಟ್ಟ ನೆರೆಯವರಿಗೆ ಕೈ ಮುಗಿಯುತ್ತೇವೆ.

ಆದರೆ ಮುಖ್ಯವಾಗಿ ಇದನ್ನು ಬರೆಯುತ್ತಿರುವುದು ಅಮ್ಮನಿಗೆ ಪಿಕಪ್ ಗುದ್ದಿಸಿದ ಹುಡುಗನಿಗೆ. ಹೆಸರು ಹಾಕುವುದಿಲ್ಲ.

ಅಮ್ಮತ್ತಿ ರಸ್ತೆಯ ತಿರುವು, ಮುಸ್ಸಂಜೆ, ಎರಡೂ ಬದಿ ತೋಟ. ನೋಡಿದವರು ಯಾರೂ ಇರಲಿಲ್ಲ. ಅವನು ಗಾಡಿ ನಿಲ್ಲಿಸಿದ. ಹಿಂದೆ ಖಾಲಿ ಕಾಫಿ ಚೀಲಗಳನ್ನು ಹಾಸಿ ಅಮ್ಮನನ್ನು ಮಲಗಿಸಿ ಆಸ್ಪತ್ರೆಗೆ ತಂದ, ಅಲ್ಲಿಂದ ನೇರ ಠಾಣೆಗೆ ಹೋದ. ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸಿ ಪೊಲೀಸರಿಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 134ನೇ ಕಲಮೂ ಹೇಳುತ್ತದೆ, ನಿಜ. ಆದರೆ ‘ಅಜ್ಜಿ ಅಡ್ಡ ಬಂತು ಅಂದುಬಿಡು’ ಎಂದು ಪಕ್ಕದಲ್ಲಿ ನಿಂತು ಹೇಳಿಕೊಟ್ಟವರಿದ್ದರು. ‘ಅವರು ಬದಿಯಲ್ಲೇ ನಡೀತಿದ್ರು, ನಾನೇ ಜೋರಾಗಿ ಬಂದೆ’ ಎಂದ ಅವನು.

ಇಂಥದ್ದಾದಾಗ ‘ದೇವರ ಚಿತ್ತ’, ‘ಸೈತಾನನ ಕೆಲಸ’ ಎಂದುಬಿಡುವುದು ನಮ್ಮಲ್ಲಿ ಬಲು ಸಲೀಸು. ಬೈಬಲಿನಲ್ಲಿ, ತಿನ್ನಬಾರದ ಹಣ್ಣು ತಿಂದದ್ದೇಕೆ ಎಂದು ದೇವರು ಕೇಳಿದಾಗ ಏದೆನ್ ತೋಟದಲ್ಲಿ ಆದಾಮ ಹೆಂಡತಿಯನ್ನು ತೋರಿಸಿದ, ಹವ್ವ ಸರ್ಪವನ್ನು. ಇವನು ಯಾರನ್ನೂ ತೋರಿಸಲಿಲ್ಲ.

ಅಮ್ಮ ಆಸ್ಪತ್ರೆಯ ಮಂಚದಲ್ಲೇ ಅವನನ್ನು ಕ್ಷಮಿಸಿದ್ದರು. ಅಲ್ಲಿಗೆ ಮುಗಿಯಿತು ಎಂದುಕೊಳ್ಳಬಹುದಿತ್ತು. ಪಾಪನಿವೇದನೆ ಮಾಡಿ ಕ್ಷಮೆ ಪಡೆದರೂ ಆದ ಹಾನಿಯನ್ನು ಕೈಲಾದಷ್ಟು ತುಂಬಿಕೊಡಬೇಕು ಎಂಬುದು ನಮ್ಮ ಧರ್ಮಸಭೆಯ ಬೋಧನೆ; ಅದನ್ನು ಬಾಯಿಪಾಠ ಮಾಡಿದ ನಾವೆಷ್ಟು ಜನ ಮಾಡಿ ತೋರಿಸಿದ್ದೇವೆ? ಲೂಕನ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಯೇಸು ತಾವಾಗಿ ಸುಂಕ ವಸೂಲಿಗಾರ ಜಕ್ಕಾಯನ ಮನೆಗೆ ಹೋದ ಮೇಲೆಯೇ ಅವನು ಎದ್ದು ನಿಂತು, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದದ್ದು. ಕ್ಷಮೆ ಸಿಕ್ಕ ಮೇಲೆಯೇ ಈ ಹುಡುಗನೂ ತಿಂಗಳು ತಿಂಗಳು ಸಂಬಳ ಆದ ದಿನ ಕವರ್ ಹಿಡಿದು ಬಾಗಿಲಿಗೆ ಬರತೊಡಗಿದ. ಬೇಡವೆಂದರೂ ಕೇಳಲಿಲ್ಲ. ಫಿಸಿಯೋಥೆರಪಿಗೆ ಕರೆದೊಯ್ಯುವುದು, ಅಂಗಳದಲ್ಲಿ ವಾಕರ್ ಹಿಡಿಸಿ ‘ಇನ್ನೊಂದು ಸುತ್ತು ಅಮ್ಮ’ ಎಂದು ನಡೆಸುವುದು ಅವನದೇ ಕೆಲಸವಾಯಿತು.

ತಮ್ಮಾ, ಕೇಸು ಇನ್ನೂ ಇದೆ. ಕೋರ್ಟಿಗೆ ಹೋಗುವ ದಿನ ನಾವೂ ನಿನ್ನ ಜೊತೆ ಬರುತ್ತೇವೆ. ಕ್ರಿಸ್ಮಸ್ಸಿಗೆ ನಿನ್ನ ತಾಯಿಯನ್ನೂ ಕರೆದುಕೊಂಡು ಊಟಕ್ಕೆ ಬಾ. ಕವರ್ ತಂದರೆ ಒಳಗೆ ಬಿಡುವುದಿಲ್ಲವಂತೆ, ಅಮ್ಮ ಹೇಳಿದ್ದಾರೆ.